ನಲವತ್ತೇಳು ಪಾಯಿಂಟ್ ಎರಡು

ಜೂನ್ 9, ಸೋಮವಾರ. ಸಂಜೆ

ಇಂದು ಬೆಳಿಗ್ಗೆ, ಸಾರ್ವಜನಿಕ ಆರೋಗ್ಯ ಕಾಲೇಜಿನ ಎರಡನೇ ಮಹಡಿಯ ವರಾಂಡದಲ್ಲಿ, ಪ್ರವೇಶ ಸಂದರ್ಶನಕ್ಕೆ ಕರೆಯುವಾಗ, ನನ್ನ ಹೆಸರಿನ ಬದಲು ನನ್ನ ಡಿಗ್ರಿ ಮಾರ್ಕ್ಸ್ ಕೂಗಿದರು. ಎಲ್ಲರೆದುರು. ಎರಡು ಸಲ. ತಾರೀಖು ಹಾಕಿ ಬರೆದಿಡುತ್ತಿದ್ದೇನೆ. ಮರೆಯುವ ಪೈಕಿಯಲ್ಲ ನಾನು. ನಾನು ಕೆಲಸ ಮಾಡುವ ಆಸ್ಪತ್ರೆಯ ಎರಡನೇ ಲಿಫ್ಟ್ ಕೆಟ್ಟು ನಿಂತ ದಿನವೂ ನೆನಪಿದೆ, ವಾರದೊಳಗೆ ಸರಿಮಾಡಿಸುತ್ತೇವೆ ಎಂದ ಮಹಾಶಯರ ಶರ್ಟಿನ ಬಣ್ಣವೂ ನೆನಪಿದೆ.

ಎಂದಿನಂತೆ ಎದ್ದಿದ್ದೆ. ಅಮ್ಮನಿಗೆ ಬಿ.ಪಿ. ಮಾತ್ರೆ ಕೊಟ್ಟೆ. ಆಸ್ಪತ್ರೆಯ ಎನ್‌ಕ್ವೈರಿ ಕೌಂಟರಿಗೆ ಅರ್ಧ ದಿನ ರಜೆ ಹೇಳಿದ್ದೆ. ಯಾವ ಬಟ್ಟೆ ಎಂದು ಹೊತ್ತು ಕಳೆದು ಕೊನೆಗೆ ಇಸ್ತ್ರಿಯಾಗಿದ್ದದ್ದನ್ನು ಹಾಕಿಕೊಂಡೆ.

ವರಾಂಡದಲ್ಲಿ ಕುರ್ಚಿಗಳ ಉದ್ದ ಸಾಲು. ಬೇಕಾದಲ್ಲಿ ಕೂರುವಂತಿಲ್ಲ — ಮಾರ್ಕ್ಸಿನ ಕ್ರಮ. ಹೆಚ್ಚಿದ್ದವರು ಬಾಗಿಲ ಹತ್ತಿರ, ಫ್ಯಾನಿನ ಕೆಳಗೆ. ಇಳಿದಂತೆಲ್ಲ ದೂರ. ನನ್ನದು ಕಡೆಯ ಕುರ್ಚಿ, ಟಾಯ್ಲೆಟ್ ಬಾಗಿಲಿಗೆ ಅಂಟಿಕೊಂಡು. ಒಳಗೆ ಹೋಗುವವರೆಲ್ಲ "ಸ್ವಲ್ಪ ಕಾಲು ತೆಗೀತೀರಾ" ಅನ್ನುತ್ತಿದ್ದರು. ತೆಗೆದೆ, ಇಟ್ಟೆ, ತೆಗೆದೆ.

"ಹೆಸರು ಕೂಗಲ್ವಾ?" ಎಂದು ಅಟೆಂಡರನ್ನು ಕೇಳಿದೆ.

"ಹೆಸರು ಕೂಗಿದ್ರೆ ನಿಮ್ಮ ಪ್ರೈವಸಿ ಹೋಗತ್ತೆ ಮೇಡಂ." ನನಗೊಂದು ಉಪಕಾರ ಮಾಡಿದ ಮುಖ. "ಕಮಿಟೀಲಿ ತೀರ್ಮಾನ ಆಗಿದೆ. ಪರ್ಸೆಂಟೇಜ್ ಮಾತ್ರ."

ಕೆಟ್ಟ ಮನುಷ್ಯ ಅಲ್ಲ. ಕುಡಿಯಲು ನೀರು ತಂದುಕೊಟ್ಟರು. ಆದರೆ ಆ ಗಂಟಲು! ಮೂರನೇ ಮಹಡಿಗೂ ಕೇಳುವಂಥದ್ದು. ತೊಂಬತ್ತೊಂದು ಪಾಯಿಂಟ್ ನಾಲ್ಕು... ಎಂಬತ್ತೆಂಟು... ಎಂಬತ್ತೈದು ಪಾಯಿಂಟ್ ಆರು... ಸಂದರ್ಶನ ಮುಗಿಸಿದವರೂ ಹೋಗುವಂತಿಲ್ಲ, ಒರಿಜಿನಲ್ ಸರ್ಟಿಫಿಕೇಟು ವಾಪಸು ಬರುವವರೆಗೆ ನಿಂತಿರಬೇಕು. ಆದ್ದರಿಂದ ನನ್ನ ಸರದಿಗೆ ವರಾಂಡ ತುಂಬಿತ್ತು.

"ನಲವತ್ತೇಳು ಪಾಯಿಂಟ್ ಎರಡು!"

ಎಲ್ಲರೂ ಕಡೆಯ ಕುರ್ಚಿ ನೋಡಿದರು. ಏನಾಯಿತೋ, ಟಾಯ್ಲೆಟ್ಟಿಗೆ ಬಂದವಳಂತೆ ಅತ್ತ ಮುಖ ತಿರುಗಿಸಿಬಿಟ್ಟೆ. ಎರಡನೇ ಸಲ ಕೂಗಿದರು. ಯಾರೋ ಹುಡುಗ ನಗು ತಡೆಯಲು ಕೆಮ್ಮಿದ. ಎದ್ದೆ.

ಪ್ರವೇಶ ಪರೀಕ್ಷೆಯಲ್ಲಿ ನಾನು ಮೂರನೆಯವಳು. ಅದನ್ನು ಯಾರೂ ಕೂಗಲಿಲ್ಲ.


ಜೂನ್ 10

ಒಳಗಿನದು ನಿನ್ನೆ ಬರೆಯಲಾಗಲಿಲ್ಲ. ಇವತ್ತು ಬರೆಯುತ್ತೇನೆ.

ಮೂವರಿದ್ದರು. ಪ್ರಿನ್ಸಿಪಾಲರು, ಸಂಖ್ಯಾಶಾಸ್ತ್ರದ ಪ್ರೊಫೆಸರು, ಬಿಳಿಗೂದಲಿನ ಒಬ್ಬ ಮೇಡಂ. ಪ್ರೊಫೆಸರು ಕಾಗದ ನೋಡುತ್ತಲೇ ಕೇಳಿದರು — "ಡಿಗ್ರಿ ಟೈಮಲ್ಲಿ ಏನಾದ್ರೂ ಆಗಿತ್ತಾ? ಮನೇಲಿ ತೊಂದ್ರೆ, ಕಾಯಿಲೆ, ಸಾವು?"

ಹೋಟೆಲಿನಲ್ಲಿ ಏನೇನಿದೆ ಎಂದು ಹೇಳಿದ ಹಾಗೆ. ಒಂದನ್ನು ಆರಿಸಿಕೊಂಡಿದ್ದರೆ ಮುಗಿಯುತ್ತಿತ್ತು. ತಮ್ಮ ಮೊದಲೇ ಹೇಳಿದ್ದ, "ಅಪ್ಪ ತೀರ್ಕೊಂಡಿದ್ದನ್ನ ಹೇಳು ಅಕ್ಕ" ಎಂದು. ಅಪ್ಪ ತೀರಿಕೊಂಡದ್ದು ನನ್ನ ಡಿಗ್ರಿ ಮುಗಿದು ಆರು ವರ್ಷಕ್ಕೆ. ನನ್ನ ಮಾರ್ಕ್ಸಿಗೆ ಅವರನ್ನು ಮೊದಲೇ ಸಾಯಿಸಲೇ?

"ಏನೂ ಆಗಿರ್ಲಿಲ್ಲ ಸರ್."

"ಮತ್ತೆ? ಮೂರು ವರ್ಷ ಏನ್ಮಾಡ್ತಿದ್ರಿ?"

"ಓದ್ತಿದ್ದೆ."

"ಏನು?"

"ಸಿಲಬಸ್ ಒಂದು ಬಿಟ್ಟು ಎಲ್ಲಾ."

ಪ್ರಿನ್ಸಿಪಾಲರು ನಕ್ಕರು, ಪ್ರೊಫೆಸರು ನಕ್ಕರು. ತಮಾಷೆಗೆ ಹೇಳಿದ್ದಲ್ಲ. ಕಾಲೇಜಿನ ಎದುರಿಗೇ ಸಾರ್ವಜನಿಕ ಗ್ರಂಥಾಲಯ. ಪ್ರಯೋಗಾಲಯಕ್ಕೆ ಹೋಗಬೇಕಾದ ಮಧ್ಯಾಹ್ನಗಳು ಅಲ್ಲಿ ಕಳೆದವು. ಇತಿಹಾಸ, ಪ್ರವಾಸ, ಪ್ಲೇಗಿನ ಕಥನ, ಊರುಗಳಿಗೆ ಕೊಳಾಯಿ ಬಂದ ಕಥೆ. ಅದರ ಬಗ್ಗೆ ಹೆಮ್ಮೆಯೂ ಇದೆ, ಅದರಷ್ಟೇ ನಾಚಿಕೆಯೂ.

ಬಿಳಿಗೂದಲ ಮೇಡಂ ನಗಲಿಲ್ಲ. "ಈಗ ಯಾಕೆ ಬೇಕು ಈ ಕೋರ್ಸು?" ಎಂದರು.

"ಹದಿನಾಲ್ಕು ವರ್ಷದಿಂದ ಆಸ್ಪತ್ರೇಲಿ ದಾರಿ ತೋರಿಸ್ತಾ ಇದೀನಿ ಮೇಡಂ. ಎಕ್ಸ್‌ರೇ ಎಡಕ್ಕೆ, ರಕ್ತಪರೀಕ್ಷೆ ಬಲಕ್ಕೆ. ಅದೇ ಬೀದಿ ಜನ, ಅದೇ ಕಾಯಿಲೆ, ಅದೇ ದಾರಿ ಕೇಳ್ತಾರೆ. ಅವರು ಬರದೇ ಇರೋ ಹಾಗೆ ಮಾಡೋ ಕೆಲಸ ಯಾರಾದ್ರೂ ಕಲೀಬೇಕಲ್ಲ."

ಅವರು ಏನೋ ಬರೆದುಕೊಂಡರು. ಪ್ರೊಫೆಸರು ಗಡಿಯಾರ ನೋಡಿದರು.

ಸಿಗುವುದಿಲ್ಲ. ಅರವತ್ತಕ್ಕಿಂತ ಕಮ್ಮಿ ಇದ್ದವರನ್ನು ಅವರು ಈವರೆಗೆ ತೆಗೆದುಕೊಂಡೇ ಇಲ್ಲವಂತೆ. ನಲವತ್ತೈದಕ್ಕೆ ಅರ್ಜಿ ಹಾಕಬಹುದು ಎಂದು ಬರೆದಿರುವುದು ಶೋಭೆಗೆ.


ಜೂನ್ 14, ಶನಿವಾರ

ಅಮ್ಮನಿಗೆ ಹೇಳಿದೆ. ಇಷ್ಟು ದಿನ "ಚೆನ್ನಾಗಾಯ್ತು" ಎಂದಷ್ಟೇ ಅಂದಿದ್ದೆ.

ಅಮ್ಮ ಮೂವತ್ತು ವರ್ಷ ಗಣಿತದ ಟೀಚರು. ಎರಡು ವರ್ಷ ನನಗೂ ಟೀಚರು — ಶಾಲೆಯಲ್ಲಿ "ಅಮ್ಮಾ" ಅನ್ನುವಂತಿರಲಿಲ್ಲ. ತರಕಾರಿ ಹೆಚ್ಚುತ್ತಾ ಎಲ್ಲ ಕೇಳಿಸಿಕೊಂಡು ಅಂದರು, "ಅದ್ರಲ್ಲೇನಿದೆ? ನಾನೂ ಪೇಪರ್ ಕೊಡ್ತಿದ್ದದ್ದು ಹಾಗೇ. ಹೆಚ್ಚಿಂದ ಕಮ್ಮಿಗೆ. ಯಾರು ಸತ್ರು?"

"ಯಾರೂ ಸಾಯ್ಲಿಲ್ಲ."

"ಮತ್ತೆ? ಮುಂದಿನ ಸಲ ಮೇಲೆ ಬರ್ಬೇಕು ಅಂತ ಛಲ ಹುಟ್ಲಿ ಅಂತ."

ನನಗೆ ಹುಟ್ಟಲಿಲ್ಲ ಎಂದು ಬಾಯಿಗೆ ಬಂತು. ನುಂಗಿದೆ. ಅಮ್ಮ ಯಾರಿಗೂ ನನ್ನ ಮಾರ್ಕ್ಸ್ ಹೇಳಿದವರಲ್ಲ. "ಮಗಳು ಬಿ.ಎಸ್ಸಿ." ಎಂದು, ಎದುರಿನವರು ಬಾಯಿ ತೆರೆಯುವುದರೊಳಗೆ ಸೆಕೆಯ ಮಾತು ತೆಗೆಯುತ್ತಾರೆ. ನನ್ನ ಡಿಗ್ರಿಯ ದೆಸೆಯಿಂದ ಈ ಬೀದಿಯಲ್ಲಿ ಚಳಿಗಾಲದಲ್ಲೂ ಸೆಕೆ.


ಜೂನ್ 27

ಸಿಕ್ಕಿತು.

ಫೋನಿನಲ್ಲಿ ನಾಲ್ಕು ಸಲ ಓದಿದೆ. ಕೌಂಟರಿನಲ್ಲಿ ಕೂತೇ. ಎದುರಿಗಿದ್ದ ಅಜ್ಜ "ಕಣ್ಣಿನ ಡಾಕ್ಟ್ರು ಎಲ್ಲಮ್ಮಾ" ಎಂದರೆ "ಸಿಕ್ತು" ಎಂದೆನಂತೆ.

ಷರತ್ತಿದೆ. ಪ್ರೊಬೇಷನ್. ಮೊದಲ ಸೆಮಿಸ್ಟರಿನಲ್ಲಿ ಪ್ರತಿ ವಿಷಯಕ್ಕೂ ಅರವತ್ತು ಬರಬೇಕು, "ನಡತೆ ತೃಪ್ತಿಕರವಾಗಿರಬೇಕು". ಇಲ್ಲವಾದರೆ ಸೀಟು ರದ್ದು. ಇಪ್ಪತ್ತು ಜನರಲ್ಲಿ ಈ ಷರತ್ತು ನನಗೊಬ್ಬಳಿಗೇ.

ತಮ್ಮ ಫೋನ್ ಮಾಡಿದ. "ಏನಕ್ಕ, ಮೂವತ್ತಾರಕ್ಕೆ ಮತ್ತೆ ಬ್ಯಾಗು? ನಿನ್ ಮಾರ್ಕ್ಸ್ ಅವ್ರಿಗೆ ಕಾಣಿಸ್ಲಿಲ್ವಾ?"

"ಕಾಣಿಸ್ದಿದ್ರೂ ಕೇಳಿಸಿರತ್ತೆ ಬಿಡು."

ನಕ್ಕ. ನಾನೂ ನಕ್ಕೆ. ಎರಡು ವರ್ಷ ಸಂಬಳವಿಲ್ಲದ ರಜೆಗೆ ಬರೆದುಕೊಟ್ಟೆ. ಅಮ್ಮ ಪಕ್ಕದ ಮನೆಗೆ ಹೋಗಿ ಬಂದರು. ಸೆಕೆಯ ಮಾತು ಆಡಲಿಲ್ಲ ಅನಿಸುತ್ತದೆ. ಮುಖ ಬೆಳಗುತ್ತಿತ್ತು.


ಜುಲೈ 14, ಸೋಮವಾರ

ಮೊದಲ ದಿನ. ರೋಲ್ ನಂಬರೂ ಮಾರ್ಕ್ಸಿನ ಕ್ರಮದಲ್ಲೇ. ಹಾಜರಿಯಲ್ಲಿ ನಾನು ಕಡೆಯವಳು. "ಇಪ್ಪತ್ತು" ಎನ್ನುವಾಗ ಪ್ರೊಫೆಸರರ ಧ್ವನಿ ತಾನಾಗಿ ಇಳಿಯುತ್ತದೆ, ಮೆಟ್ಟಿಲು ಮುಗಿದವರಂತೆ.

ಕ್ಲಾಸು ಮುಗಿದು ಹೊರಗೆ ಬಂದಾಗ ಒಬ್ಬ ಹುಡುಗಿ ಹಿಂದೆ ಓಡಿಬಂದಳು. ಹಲ್ಲಿನ ಡಾಕ್ಟರು, ಇಪ್ಪತ್ತೆರಡು ಇಪ್ಪತ್ಮೂರು ಇರಬಹುದು.

"ಅಕ್ಕಾ, ನೀವು ನಲವತ್ತೇಳು ಅಲ್ವಾ?"

ರಸ್ತೆಯಲ್ಲಿ ಬಟ್ಟೆ ಜಾರಿದಂತಾಯಿತು. "ನೀನು?" ಎಂದೆ.

"ತೊಂಬತ್ತೊಂದು."

"ಓಹೋ, ನೀನೇನಾ!"

"ಹ್ಞೂ. ನಂಗೂ ಹೆಸರು ಅಂತ ಒಂದಿದೆ. ಇಲ್ಲಿ ಯಾರೂ ಕೇಳಿಲ್ಲ." ಎಂದು ನಕ್ಕು, ಪಕ್ಕದಲ್ಲೇ ನಡೆಯತೊಡಗಿದಳು.


ಜುಲೈ 29

ಸಂಖ್ಯಾಶಾಸ್ತ್ರ ತಲೆಗೆ ಹತ್ತುತ್ತಿಲ್ಲ. ಅಮ್ಮ ರಾತ್ರಿ ಊಟದ ಮೇಲೆ ಹೇಳಿಕೊಡುತ್ತಾರೆ. ತಪ್ಪಿದರೆ ಪೆನ್ಸಿಲಿನಿಂದ ಮೇಜು ಕುಟ್ಟುತ್ತಾರೆ — ಆ ಸದ್ದಿಗೆ ಇವತ್ತಿಗೂ ನನ್ನ ಬೆನ್ನು ನೆಟ್ಟಗಾಗುತ್ತದೆ. "ಇಷ್ಟು ಬುದ್ಧಿ ಇಟ್ಕೊಂಡು ಆಗ ಎಲ್ಲಿ ಹಾಳಾಗಿ ಹೋಗಿದ್ದೆ?" ಎನ್ನುತ್ತಾರೆ. ಹೊಗಳಿಕೆ ಎಂದು ತೆಗೆದುಕೊಂಡಿದ್ದೇನೆ.

ಕ್ಯಾಂಟೀನಿನಲ್ಲಿ ತೊಂಬತ್ತೊಂದು ಟೀ ಮುಟ್ಟದೆ ಕೂತಿದ್ದಳು. ಮೊದಲ ಟೆಸ್ಟಿನಲ್ಲಿ ಅವಳು ನಾಲ್ಕನೆಯವಳು.

"ನಿಮ್ದೇ ವಾಸಿ ಅಕ್ಕ. ನಿಮ್ಗೆ ಮೇಲೆ ಎಷ್ಟೊಂದು ಖಾಲಿ ಜಾಗ. ನಂಗೆ ಇಳಿಯೋಕೆ ಮಾತ್ರ ದಾರಿ."

"ಬಾ, ಕುರ್ಚಿ ಬದಲಾಯಿಸ್ಕೊಳ್ಳೋಣ. ಟಾಯ್ಲೆಟ್ ಪಕ್ಕದ್ದು, ಗಾಳಿಯೊಂದು ಬಿಟ್ಟು ಎಲ್ಲಾ ಸೌಕರ್ಯ ಇದೆ."

ಟೀ ಕುಡಿದಳು.


ಆಗಸ್ಟ್ 5, ಮಂಗಳವಾರ

ಇವತ್ತು ಬಿಳಿಗೂದಲ ಮೇಡಂ ಪಾಠ. ವಿಷಯ — ರೋಗಕ್ಕೆ ಅಂಟಿದ ಕಳಂಕ.

ಒಂದು ಚಿಕಿತ್ಸಾಲಯದ ಉದಾಹರಣೆ ಕೊಟ್ಟರು. ಅಲ್ಲಿ ರೋಗಿಗಳನ್ನು ಕಾಯಿಲೆ ಹೇಳಿ ಕರೆಯುತ್ತಿದ್ದರಂತೆ. "ಚರ್ಮದವರು ಬನ್ನಿ, ಕ್ಷಯದವರು ಬನ್ನಿ." ಕರೆದಾಗ ಯಾರೂ ಏಳುತ್ತಿರಲಿಲ್ಲ. ಪುಸ್ತಕದಲ್ಲಿ ಅವರು "ಗೈರುಹಾಜರು". ಔಷಧಿ ಕಪಾಟಿನಲ್ಲೇ, ಕಾಯಿಲೆ ಊರಿನಲ್ಲೇ. ಆಮೇಲೆ ಬರೀ ಟೋಕನ್ ಕೊಟ್ಟು ಕರೆಯತೊಡಗಿದರು. ಜನ ಬಂದರು.

"ನಾಚಿಕೆಯೂ ರೋಗ ಹರಡತ್ತೆ," ಎಂದರು ಮೇಡಂ. "ಕ್ರಿಮಿ ಹರಡೋ ಹಾಗೇ. ಬರ್ಕೊಳ್ಳಿ."

ಎಲ್ಲರೂ ಬರೆದುಕೊಂಡರು. ಸುತ್ತ ನೋಡಿದೆ. ಯಾರ ಮುಖದಲ್ಲೂ ಏನೂ ಇಲ್ಲ. ಗೋಡೆಯಾಚೆಯೇ ಆ ವರಾಂಡ. ಆ ಕುರ್ಚಿಗಳು ಇನ್ನೂ ಅಲ್ಲೇ ಇವೆ.

ಕೈ ಎತ್ತಬೇಕಿತ್ತು. ಬೀದಿದೀಪ ಕೆಟ್ಟರೆ ಪತ್ರಿಕೆಗೆ ಬರೆಯುವವಳು, ಬಸ್ಸು ಸ್ಟಾಪು ಸರಿಸಿದ್ದಕ್ಕೆ ಅಧಿಕಾರಿಯ ಎದುರು ಕೂತವಳು, ನಾನು. ತುಟಿ ಪಿಟಕ್ಕೆನ್ನಲಿಲ್ಲ. ಪ್ರೊಬೇಷನ್. ನಡತೆ ತೃಪ್ತಿಕರ.

ಬರೆದುಕೊಂಡೆ — ನಾಚಿಕೆಯೂ ರೋಗ ಹರಡುತ್ತದೆ.


ಆಗಸ್ಟ್ 20

ನಾಲ್ಕು ಸೀಟು ಖಾಲಿ ಉಳಿದಿವೆ. ನಾಳೆ ಎರಡನೇ ಸುತ್ತಿನ ಸಂದರ್ಶನ. ಅಟೆಂಡರಿಗೆ ಕಣ್ಣಿನ ಆಪರೇಷನ್, ರಜೆ. ಪ್ರೊಫೆಸರು ಕರೆಸಿದರು.

"ಬಾಗಿಲಲ್ಲಿ ನೀವು ನಿಂತ್ಕೊಳ್ಳಿ. ಎನ್‌ಕ್ವೈರೀಲಿದ್ದೋರು, ಧ್ವನಿ ಸ್ಪಷ್ಟ ಇದೆ."

ಅವರ ಮೇಜಿನ ಮೇಲಿದ್ದ ಪಟ್ಟಿ ನೋಡಿದೆ.

"ಕೆಳಗಿನವ್ರಿಗೆ ನಿಮ್ಮನ್ನ ನೋಡಿದ್ರೆ ಧೈರ್ಯ ಬರತ್ತೆ. ಅಲ್ವಾ?"

ಅವರ ವಿಷಯದಲ್ಲೇ ನಾನು ಐವತ್ತೆಂಟರಲ್ಲಿ ಕುಂಟುತ್ತಿರುವುದು. ಅದು ಅವರಿಗೂ ಗೊತ್ತು.

"ಆಯ್ತು ಸರ್," ಎಂದೆ.


ಆಗಸ್ಟ್ 21

ಕೂಗಿದೆ.


ಆಗಸ್ಟ್ 24, ಭಾನುವಾರ

ಎರಡು ದಿನ ಈ ಪುಸ್ತಕ ತೆರೆಯಲಾಗಲಿಲ್ಲ. ಬರೆಯದೆ ಇದ್ದರೆ ಆಗದೇ ಇದ್ದ ಹಾಗೆ ಅಲ್ಲವಲ್ಲ.

ಎಂಟು ಕುರ್ಚಿ ಹಾಕಿಸಿದ್ದರು. ಕೂರಿಸಿದವಳೂ ನಾನೇ. ಕಡೆಯ ಕುರ್ಚಿಗೆ ಒಬ್ಬ ನರ್ಸ್. ನನ್ನ ವಯಸ್ಸಿನ ಆಸುಪಾಸು. ರಾತ್ರಿಪಾಳಿ ಮುಗಿಸಿ ನೇರ ಬಂದಿದ್ದಳು. ಬಿಳಿ ಬೂಟು, ಯೂನಿಫಾರ್ಮಿನ ಮೇಲೆ ಸ್ವೆಟರು, ಕಣ್ಣಲ್ಲಿ ನಿದ್ದೆ. ಸಾಲಿನ ಮಧ್ಯದಲ್ಲಿದ್ದ ಇನ್ನೊಬ್ಬಳಿಗೆ ಕೈ ಬೀಸಿದಳು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು:

"ಮೇಡಂ, ಇಲ್ಲಿ ಹೆಸರು ಹೇಳಿ ಮಾರ್ಕ್ಸ್ ಎಲ್ಲಾ ಓದ್ತಾರಾ?"

"ಇಲ್ಲ ಇಲ್ಲ," ಎಂದೆ. "ಹೆಸರು ಕರೆಯೋದೇ ಇಲ್ಲ."

ಎಷ್ಟು ಸಲೀಸಾಗಿ ಬಂತು! ಸುಳ್ಳಲ್ಲ. ಒಂದು ಅಕ್ಷರವೂ ಸುಳ್ಳಲ್ಲ. ಕೌಂಟರಿನಲ್ಲಿ ಹದಿನಾಲ್ಕು ವರ್ಷ ಜನರನ್ನು ಸಮಾಧಾನ ಮಾಡಿ ಕಳಿಸಿದ ನಾಲಿಗೆ. ಅವಳು "ಅಬ್ಬಾ" ಎಂದು ನಕ್ಕು ಹೋಗಿ ಕೂತಳು. ಆಗ ಹೇಳಿಬಿಡಬಹುದಿತ್ತು. ಒಳಗಿನಿಂದ ಗಂಟೆ ಬಡಿಯಿತು.

ಎಪ್ಪತ್ತೆಂಟರಿಂದ ಶುರು ಮಾಡಿದೆ. ಮೆಲ್ಲಗೆ ಹೇಳಿದೆ. "ಜೋರಾಗಿ, ಜೋರಾಗಿ," ಒಳಗಿನಿಂದ ಪ್ರೊಫೆಸರು. ಜೋರಾಗಿ ಹೇಳಿದೆ. ಎರಡು ಮೂರು ಆದಮೇಲೆ — ಇದನ್ನು ಬರೆಯಲೇಬೇಕು — ರೂಢಿಯಾಯಿತು. ಧ್ವನಿ ತಾನಾಗಿ ಏರಿತು, ಪಾಯಿಂಟಿನ ಮುಂದಿನದನ್ನು ರಾಗವಾಗಿ ಎಳೆದೆ. ಚೆನ್ನಾಗಿ ಕೂಗುತ್ತಿದ್ದೇನೆ ಎಂದು ನನಗೇ ಅನಿಸಿತು.

ನರ್ಸ್ ಪ್ರತಿ ಸಲವೂ ನನ್ನನ್ನೇ ನೋಡುತ್ತಿದ್ದಳು. ಮೂರನೆಯ ಕೂಗಿಗೇ ಅವಳಿಗೆ ತಿಳಿದಿರಬೇಕು. ಅವಳ ಸ್ನೇಹಿತೆಯನ್ನು ಕರೆದೆ, ಅರವತ್ತಾರು. ಹೋಗಿ, ಮುಗಿಸಿ, ಹೊರಬಂದು ಗೋಡೆಗೊರಗಿ ನಿಂತಳು. ಕಾಯುತ್ತಾ.

"ನಲವತ್ತೊಂಬತ್ತು ಪಾಯಿಂಟ್ ಒಂದು!"

ಯಾರೂ ಏಳಲಿಲ್ಲ. ಉಳಿದಿದ್ದದ್ದು ಅವಳೊಬ್ಬಳೇ. ಮತ್ತೆ ಕೂಗಿದೆ. ಯಾಕೆ ಮತ್ತೆ ಕೂಗಿದೆ? ಎದುರಿಗೇ ಇದ್ದಳಲ್ಲ, ಹತ್ತಿರ ಹೋಗಿ "ಬನ್ನಿ" ಎಂದರೆ ಆಗುತ್ತಿತ್ತು. ಕೂಗಿದೆ. ಅವಳು ಎದ್ದು ಬ್ಯಾಗು ಹೆಗಲಿಗೇರಿಸಿದಳು. ಸ್ನೇಹಿತೆಯ ಕಡೆ ನೋಡದೆ, ನನ್ನ ಕಡೆ ನೋಡದೆ, ಮೆಟ್ಟಿಲಿಳಿದು ಹೋದಳು. ಬೂಟಿನ ಸದ್ದೂ ಬರಲಿಲ್ಲ.

ಒಳಗೆ ಹೋದೆ. "ಕಡೆಯವ್ರು?" ಎಂದರು ಪ್ರೊಫೆಸರು.

"ಗೈರುಹಾಜರು ಸರ್."

ಹಾಗೇ ಅಂದೆ. ಬಿಳಿಗೂದಲ ಮೇಡಂ ತಲೆಯೆತ್ತಿ ನೋಡಿದರು. ನಾನು ನೆಲ ನೋಡಿದೆ.

ನೆಲ ಬಾಯಿ ಬಿಡುವುದು ಕಥೆಗಳಲ್ಲಿ ಮಾತ್ರ.


ಆಗಸ್ಟ್ 26

ಅವಳ ನಂಬರು ಆಫೀಸಿನಲ್ಲಿ ಸಿಕ್ಕಿತು. ಮೂರು ಸಲ ಒತ್ತಿ ಕಡಿದೆ. ನಾಲ್ಕನೇ ಸಲ ಎತ್ತಿದಳು.

"ಯಾರು?"

"ಕಾಲೇಜಿಂದ. ಗುರುವಾರ... ಬಾಗಿಲಲ್ಲಿದ್ದೆ."

ಹಿಂದೆ ಯಾವುದೋ ವಾರ್ಡಿನ ಗದ್ದಲ.

"ಓ. ನಂಗೆ ಡ್ಯೂಟಿಗೆ ಹೊತ್ತಾಗಿತ್ತು ಮೇಡಂ. ಅದಕ್ಕೇ ಬಂದ್ಬಿಟ್ಟೆ. ಬೇರೇನಿಲ್ಲ."

ರಾತ್ರಿಪಾಳಿ ಮುಗಿಸಿ ಬಂದವಳು! ನನ್ನ ಮಾನ ಉಳಿಸಲು ಸುಳ್ಳು ಹೇಳುತ್ತಿದ್ದಾಳೆ.

"ಸೀಟು ಇನ್ನೂ ಒಂದು ಖಾಲಿ ಇದೆ. ನೀವು ಬಂದ್ರೆ ನಾನೇ ಮಾತಾಡ್ತೀನಿ. ನಂದೂ ಕಮ್ಮಿ ಮಾರ್ಕ್ಸೇ. ನಿಮಗಿಂತ ಕಮ್ಮಿ."

"ಹೌದಾ?" ಧ್ವನಿ ಬದಲಾಯಿತು. ಮೆತ್ತಗಾಗಲಿಲ್ಲ, ಗಟ್ಟಿಯಾಯಿತು. "ಗೊತ್ತಿದ್ದೂ ಕೂಗಿದ್ರಾ?"

ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ.

"ಅವತ್ತು ಸಾಲಲ್ಲಿ ನನ್ನ ಫ್ರೆಂಡ್ ಕೂತಿದ್ಲಲ್ಲ, ಒಂದೇ ವಾರ್ಡ್ ನಾವು. ನಂದು ಫಸ್ಟ್ ಕ್ಲಾಸ್ ಅಂತ ಅಂದ್ಕೊಂಡಿದ್ಲು. ಈಗ ವಾರ್ಡಲ್ಲೆಲ್ಲ... ಇರ್ಲಿ ಬಿಡಿ ಮೇಡಂ. ಪೇಶೆಂಟ್ ಕರೀತಿದ್ದಾರೆ."

ಇಟ್ಟಳು.


ಆಗಸ್ಟ್ 28

ಅಮ್ಮ ಲೆಕ್ಕ ಹೇಳಿಕೊಡಲು ಕೂತರು. ನಾನು ಪೆನ್ನು ತೆಗೆಯಲಿಲ್ಲ. ಎಲ್ಲ ಹೇಳಿದೆ, ಆ "ಹೆಸರು ಕರೆಯೋದೇ ಇಲ್ಲ" ಸಮೇತ.

ಅಮ್ಮ ಪೆನ್ಸಿಲು ಕೆಳಗಿಟ್ಟರು. ಯಾರು ಸತ್ರು ಎಂದು ಕೇಳಲಿಲ್ಲ. ಆಮೇಲೆ ಅಂದರು —

"ಕಡೇ ಪೇಪರ್ ನಾನು ಕೈಗೆ ಕೊಡ್ತಿರ್ಲಿಲ್ಲ. ಮೇಜಿನ ಮೇಲೆ ಇಟ್ಟು ಬೋರ್ಡ್ ಕಡೆ ತಿರುಗಿಬಿಡ್ತಿದ್ದೆ. ನೋಡದೇ ಇದ್ರೆ ಅಷ್ಟು ನೋಯಲ್ಲ ಅಂತ."

"ಗೊತ್ತಮ್ಮ. ಎಷ್ಟೋ ಸಲ ಅದು ನಂದೇ."

"ಗೊತ್ತು." ಅಮ್ಮ ಕನ್ನಡಕ ತೆಗೆದು ಸೆರಗಿಗೆ ಒರೆಸಿದರು, ಒರೆಸುತ್ತಲೇ ಇದ್ದರು. "ನೀನು ತಗೊಳ್ಳೋಕೆ ಬರೋವಾಗ ಬೋರ್ಡ್ ಮೇಲೆ ಏನು ಬರೀತಿದ್ದೆ ಅಂತ ನನಗೇ ಗೊತ್ತಿರ್ತಿರ್ಲಿಲ್ಲ."

ಇಪ್ಪತ್ತು ವರ್ಷದ ಮೇಲೆ ಈ ಮಾತು. ಕೋಪ ಬರಬೇಕಿತ್ತು. ಬರಲಿಲ್ಲ. ನಾನೂ ಬೇರೆಯವರಿಗೆ ಅದನ್ನೇ ಮಾಡಿ ಬಂದವಳು — ಕನಿಷ್ಠ ಅಮ್ಮ ಬೆನ್ನಾದರೂ ತಿರುಗಿಸಿದ್ದರು.

"ನಿನ್ನೆ ಸಿಗ್ಮಾ ಚಿಹ್ನೆ ಹೇಗೆ ಹಾಕಿದ್ದೀ ನೋಡು, ಮುರಿದ ಕುರ್ಚಿ ಹಾಗೆ," ಎಂದರು ಕಡೆಗೆ. ಲೆಕ್ಕ ಶುರುವಾಯಿತು.


ಸೆಪ್ಟೆಂಬರ್ 2

ಪ್ರಿನ್ಸಿಪಾಲರ ಚೇಂಬರು. ಸಾತ್ವಿಕ ಮನುಷ್ಯ, ಟೀ ತರಿಸಿದರು. ಕೇಳಿಸಿಕೊಂಡರು, ತಲೆಯಾಡಿಸಿದರು.

"ನೀವು ಹೇಳೋದು ಸರಿ ಇದೆ. ಯಾರೂ ಬೇಕಂತ ಮಾಡಿದ್ದಲ್ಲ. ಮುಂದಿನ ವರ್ಷ ನೋಡೋಣ."

"ಆ ನರ್ಸನ್ನ ಮತ್ತೆ ಕರೀಬಹುದಾ ಸರ್? ಒಂದು ಸೀಟಿದೆ."

"ಪ್ರವೇಶ ಮುಗೀತಲ್ಲ. ಅದೂ ಅಲ್ದೆ ಅವ್ರು ಗೈರುಹಾಜರು ಅಂತ ರೆಕಾರ್ಡ್ ಆಗಿದೆ."

"ಅದನ್ನ ಹೇಳಿದ್ದು ನಾನು. ಅವರು ಹಾಜರಿದ್ರು ಸರ್."

ಪ್ರಿನ್ಸಿಪಾಲರು ಟೀ ಕಪ್ಪನ್ನು ಸಾಸರಿನ ನಡುವೆ ಸರಿಯಾಗಿ ಕೂರಿಸಿದರು. "ನೋಡಿ, ನಿಮ್ಮ ಸೆಮಿಸ್ಟರ್ ಇನ್ನೂ ಮುಗಿದಿಲ್ಲ. ಇದನ್ನೆಲ್ಲ ದೊಡ್ಡದು ಮಾಡ್ಕೊಂಡು ನಿಮ್ಮ ಓದು ಹಾಳಾಗಬಾರ್ದು. ನಿಮ್ಮನ್ನ ತಗೊಳ್ಳೋಕೆ ಎಷ್ಟು ವಾದ ಆಯ್ತು ಅಂತ ನಿಮಗೆ ಗೊತ್ತಿಲ್ಲ." ಆಮೇಲೆ, ನಿಜವಾದ ಮೃದುತನದಿಂದಲೇ — "ನಿಮಗೆ ನೋವಾಗಿದ್ರೆ ನಾನು ಕ್ಷಮೆ ಕೇಳ್ತೀನಿ. ಇಲ್ಲೇ."

"ಕೂಗಿದ್ದು ವರಾಂಡದಲ್ಲಿ ಸರ್."

ಟೀ ಹಾಗೇ ಬಿಟ್ಟು ಬಂದೆ. ಗೇಟಿನವರೆಗೆ ಧೈರ್ಯವಾಗೇ ನಡೆದೆ. ಬಸ್ಸಿನಲ್ಲಿ ಕೂತ ಮೇಲೆ ಭಯ ಬಂತು. ಸೀಟು ಹೋದರೆ? ಈ ವಯಸ್ಸಿನಲ್ಲಿ, ಈ ಮಾರ್ಕ್ಸಿಗೆ, ಇನ್ನೊಂದು ಬಾಗಿಲು ತೆರೆಯುವುದಿಲ್ಲ. ಮತ್ತೆ ಎಕ್ಸ್‌ರೇ ಎಡಕ್ಕೆ. ಅಮ್ಮ ಮತ್ತೆ ಸೆಕೆಯ ಮಾತು.


ಸೆಪ್ಟೆಂಬರ್ 8

ಶುಕ್ರವಾರ ಮುಕ್ತ ಸಭೆ. ಸೆಮಿಸ್ಟರಿಗೊಂದು ಸಲ ಇಡೀ ಕಾಲೇಜು ಸೇರುತ್ತದೆ, ಪ್ರಿನ್ಸಿಪಾಲರು ಪ್ರಶ್ನೆಗಳಿಗೆ ಉತ್ತರಿಸುತ್ತಾರೆ. ಸಾಮಾನ್ಯವಾಗಿ ಕ್ಯಾಂಟೀನು, ಪಾರ್ಕಿಂಗು, ವೈಫೈ.

ತೊಂಬತ್ತೊಂದಿಗೆ ಹೇಳಿದೆ.

"ಚೀಟೀಲಿ ಬರೆದು ಡಬ್ಬಕ್ಕೆ ಹಾಕಿ ಅಕ್ಕ. ಹೆಸರು ಹಾಕ್ಬೇಡಿ."

"ಹೆಸರು ಹಾಕ್ದೇ ಇದ್ದಿದ್ದಕ್ಕೇ ಅಲ್ವೇನೇ ಇಷ್ಟೆಲ್ಲಾ ಆಗಿದ್ದು?"

"ಪ್ರೊಬೇಷನ್ನು?"

"ಇದೆ."

ಉಗುರು ಕಚ್ಚುತ್ತಾ ಕೂತಳು. "ನಾನೂ ಏಳ್ಲಾ?"

"ಬೇಡ. ನೀನು ಬಿದ್ರೆ ಜಾಸ್ತಿ ಎತ್ತರದಿಂದ ಬೀಳ್ತೀಯ."

"ಅಕ್ಕಾ!" ಎಂದು ಹೊಡೆಯಲು ಬಂದಳು. ಕಣ್ಣು ಒದ್ದೆ.

ನಿಜ ಹೇಳಬೇಕೆಂದರೆ ಅವಳು ಎದ್ದರೆ ಎಲ್ಲರೂ ಅವಳನ್ನು ಕೇಳುತ್ತಾರೆ. ತೊಂಬತ್ತೊಂದು ಹೇಳಿದರೆ ನ್ಯಾಯ, ನಲವತ್ತೇಳು ಹೇಳಿದರೆ ಹೊಟ್ಟೆಯುರಿ. ಅದು ಗೊತ್ತಿದ್ದೇ ಬೇಡ ಎಂದೆ.


ಸೆಪ್ಟೆಂಬರ್ 11, ಗುರುವಾರ

ಸಂಖ್ಯಾಶಾಸ್ತ್ರ ಟೆಸ್ಟು — ಅರವತ್ತೊಂದು. ಪ್ರೊಫೆಸರು ಪೇಪರು ಕೊಡುತ್ತಾ, "ನೋಡಿದ್ರಾ, ಛಲ ಇದ್ರೆ ಆಗತ್ತೆ," ಎಂದರು. ಸಂತೋಷಪಟ್ಟೆ. ಆ ಕ್ಷಣಕ್ಕೆ ಇನ್ನು ಸುಮ್ಮನಿರೋಣ ಎಂದೂ ಅನಿಸಿತು. ಅದಕ್ಕೂ ನಾಚಿಕೆ.

ಆ ನರ್ಸಿಗೆ ಒಂದು ಸಂದೇಶ ಕಳಿಸಿದೆ. ನಾಳೆ ಏನು ಕೇಳುತ್ತೇನೆ ಎಂದು. ನಿಮ್ಮ ಹೆಸರಾಗಲಿ ಮಾರ್ಕ್ಸಾಗಲಿ ಹೇಳುವುದಿಲ್ಲ ಎಂದು. ನೋಡಿದ್ದಾಳೆ. ಉತ್ತರವಿಲ್ಲ. ಯಾಕಿರಬೇಕು.


ಸೆಪ್ಟೆಂಬರ್ 12, ಶುಕ್ರವಾರ. ಬೆಳಿಗ್ಗೆ, ಸಭಾಂಗಣದಲ್ಲಿ

ಹಿಂದಿನ ಸಾಲು. ಹಾಲ್ ತುಂಬುತ್ತಿದೆ. ವೇದಿಕೆಯ ಮೇಲೆ ಪ್ರಿನ್ಸಿಪಾಲರು, ಪ್ರೊಫೆಸರು. ಬಿಳಿಗೂದಲ ಮೇಡಂ ಕೆಳಗೆ ನಮ್ಮ ನಡುವೆಯೇ ಕೂತಿದ್ದಾರೆ. ಅಟೆಂಡರು ರಜೆಯಿಂದ ಬಂದಿದ್ದಾರೆ, ಕಪ್ಪು ಕನ್ನಡಕ, ಮೈಕ್ ಹಿಡಿದು ಸಾಲು ಸಾಲು ತಿರುಗುತ್ತಿದ್ದಾರೆ. ಪಾರ್ಕಿಂಗ್ ಮುಗಿಯಿತು. ಈಗ ವೈಫೈ. ಎದ್ದಾಗ ಮಾತು ಮರೆಯದಿರಲಿ ಎಂದು ಇಲ್ಲೇ ಬರೆದುಕೊಳ್ಳುತ್ತಿದ್ದೇನೆ —

ಸರ್, ನನ್ನ ಡಿಗ್ರಿ ಮಾರ್ಕ್ಸ್ ನಲವತ್ತೇಳು ಪಾಯಿಂಟ್ ಎರಡು. ನಿಮಗೆಲ್ಲ ಗೊತ್ತಿರುವುದೇ, ಆದರೂ ಈ ಸಲ ನಾನೇ ಹೇಳುತ್ತಿದ್ದೇನೆ. ಜೂನ್ 9ರಂದು ವರಾಂಡದಲ್ಲಿ ಅದನ್ನು ಕೂಗಿದಿರಿ. ಆಗಸ್ಟ್ 21ರಂದು ಅದೇ ಬಾಗಿಲಲ್ಲಿ ನಿಂತು ಇನ್ನೊಬ್ಬರ ಮಾರ್ಕ್ಸ್ ಕೂಗಿದವಳು ನಾನು. ಅವರು ಕೇಳಿದಾಗ ಮಾತು ತಿರುಚಿ ನಂಬಿಸಿ ಕೂರಿಸಿದವಳು ನಾನು. ಎದ್ದು ಹೋದವರನ್ನು ಗೈರುಹಾಜರು ಎಂದವಳೂ ನಾನೇ. ಅವರು ಹಾಜರಿದ್ದರು. ಇದು ನನ್ನ ತಪ್ಪು, ಎಲ್ಲರೆದುರು ಒಪ್ಪಿಕೊಳ್ಳುತ್ತಿದ್ದೇನೆ.

ನಾಚಿಕೆ ರೋಗ ಹರಡುತ್ತದೆ ಎಂದು ಗೋಡೆಯ ಈಚೆ ಕಲಿಸುತ್ತೀರಿ, ಗೋಡೆಯ ಆಚೆ ಕೂಗಿಸುತ್ತೀರಿ. ಯಾವ ಕಾರಣಕ್ಕೆ? ಆ ಖಾಲಿ ಸೀಟಿಗೆ ಅವರನ್ನು ಯಾವಾಗ ಕರೆಯುತ್ತೀರಿ? ಮುಂದಿನ ವರ್ಷ ನೋಡೋಣ ಎನ್ನಬೇಡಿ. ಚೇಂಬರಿಗೆ ಬನ್ನಿ ಎನ್ನಬೇಡಿ. ಇಲ್ಲಿ, ಈ ಮೈಕಿನಲ್ಲಿ, ಮೂರನೇ ಮಹಡಿಗೂ ಕೇಳುವ ಹಾಗೆ ಉತ್ತರ ಬೇಕು. ಕೂಗಿದವಳು ಹೇಳಿದ್ದಾಯಿತು. ಈಗ ಕೂಗಿಸಿದವರು ಎದ್ದು ನಿಂತು

ಮೈಕ್ ಬಂತು